ಇತ್ರಯ್ಯ

ಹೊಡೆದಾಟದ ಸಿನಿಮಾ ನೋಡುವುದನ್ನು ನನಗೆ ಕಲಿಸಿದವಳು
ದೊಡ್ಡತ್ತೆ, ಅರಸೀಕೆರೆಯ ಸಣ್ಣತಾಯಮ್ಮ.
ಮೂಳೆ ಕಟ್ಟುವುದು ಅವಳ ಕಸುಬು.
ತೆಂಗಿನ ಮರದಿಂದ ಜಾರಿದವರು, ಎತ್ತು ಕೆಡವಿದವರು
ಬಾಣಾವರ, ಗಂಡಸಿ, ಜಾವಗಲ್ಲಿನಿಂದ
ಟವೆಲಿನಲ್ಲಿ ಕೈ ತೂಗುಹಾಕಿಕೊಂಡು ಬರುವರು.
ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ, ಬಿದಿರ ದಬ್ಬೆ.
ದುಡ್ಡು ಕೇಳುವ ಹಾಗಿಲ್ಲ; ಕೊಟ್ಟರೆ ತಟ್ಟೆಗೆ ಹಾಕಬೇಕು.
ಆ ತಟ್ಟೆಯ ಚಿಲ್ಲರೆಯಲ್ಲೇ ನಮ್ಮ ಶುಕ್ರವಾರದ ಮ್ಯಾಟಿನಿ.

ರೈಲ್ವೆ ಗೇಟಿನಾಚೆಯ ಟಾಕೀಸು.
ಪರದೆಯ ಬಲಮೂಲೆಯಲ್ಲೊಂದು ಹೊಲಿಗೆ,
ಎಂಥ ಶೂರನೂ ಅದನ್ನು ದಾಟಿಯೇ ಒಳಗೆ ಬರಬೇಕು.
ಹುಬ್ಬಳ್ಳಿ ರೈಲು ಹೊರಟರೆ ಕುರ್ಚಿ ನಡುಗುವುದು,
ನಾವದನ್ನು ನಾಯಕನ ಹೆಜ್ಜೆ ಅಂದುಕೊಳ್ಳುತ್ತಿದ್ದೆವು.

ನಮ್ಮ ಜಗಳ ಒಂದೇ:
ಬರಿಗೈಲಿ ಲಾರಿ ನಿಲ್ಲಿಸುವವನು ಗಟ್ಟಿಗನೋ,
ಬೆಂಕಿ ಹಚ್ಚಿ ಹಿಂದೆ ನೋಡದೆ ನಡೆಯುವವನೋ?
ಕೊಬ್ಬರಿ ಮಂಡಿಯ ಶಾಂತರಾಜ ಮೀಸೆಯವನ ಪಕ್ಷ,
ಸೈಕಲ್ ಶಾಪಿನ ಇನಾಯತ್ ಮೀಸೆಯಿಲ್ಲದವನ ಪಕ್ಷ,
ನಾನು, ಜಗಳದಲ್ಲಿ ಯಾರು ಗೆದ್ದರೆ ಅವರ ಪಕ್ಷ.

ಅತ್ತೆ ಎಲೆಯಡಿಕೆ ಜಗಿಯುತ್ತ ಲೆಕ್ಕ ಹಾಕುವಳು:
"ಹೋಯ್ತು ಇವನ ಕೊರಳ ಮೂಳೆ. ಆರು ವಾರ.
ಪಕ್ಕೆಲುಬು ಎರಡು. ಯುಗಾದಿಗಂಟ ಕೆಮ್ಮಕ್ಕಾಗಾಕಿಲ್ಲ.
ಅಯ್, ಎದ್ದೇಬುಟ್ನಲ್ಲ! ಮೈಯಾಗೇನು ಬೆಂಡು ತುಂಬೈತಾ?"
ಹಿಂದಿನ ಸಾಲಿಂದ ಸಿಳ್ಳೆ ಬಂದರೆ ತಿರುಗಿ ಅನ್ನುವಳು:
"ಹೊಡೀರಿ ಹೊಡೀರಿ. ನಾಳೆ ಕಾಂಪೌಂಡ್ ಹಾರ್ತೀರಿ,
ನಮ್ಮನೆ ಜಗಲಿಗೇ ಬರ್ತೀರಿ."
ಶನಿವಾರ ಬೆಳಿಗ್ಗೆ ಒಬ್ಬನಾದರೂ ಬರುತ್ತಿದ್ದ,
ಒಮ್ಮೆಯಂತೂ ಇನಾಯತ್ತೇ, ಮಣಿಕಟ್ಟು ಹಿಡಿದುಕೊಂಡು,
ಬೈಸಿಕೊಳ್ಳಲು ತಯಾರಾಗಿ.

ಒಂದು ಸಿನಿಮಾ, ಹೆಸರು ಮರೆತಿದ್ದೇನೆ,
ಸಕ್ಕರೆ ಗೋದಾಮಿನಲ್ಲಿ ಕೊನೆಯ ಫೈಟು.
ಹನ್ನೆರಡು ಕೇಡಿಗಳು ಸರದಿ ಪ್ರಕಾರ ಬಂದು
ರೇಷನ್ ಪಡೆದಂತೆ ಏಟು ಪಡೆದು ಹೋಗುತ್ತಿದ್ದರು.
ಏಳನೆಯವನು, ಹಸಿರು ಬನಿಯನ್ನಿನವನು,
ಮೂಟೆಗಳ ಮೇಲಿಂದ ಬಿದ್ದ.
ಅತ್ತೆಯ ದವಡೆ ನಿಂತಿತು.
"ಇದು ಆಟ ಅಲ್ಲ ಕಣ್ಲಾ.
ಎಡಭುಜದ ಕೀಲು ಬುಟ್ಟೈತೆ.
ಬಾಯಿ ನೋಡು, ಕಿರುಚ್ತಾ ಇಲ್ಲ."
ನಾನು ನೋಡುವಷ್ಟರಲ್ಲಿ
ಎಂಟನೆಯವನು ಬಂದಾಗಿತ್ತು.

ಆ ಸಿನಿಮಾಕ್ಕೆ ನಾಲ್ಕು ಸಲ ಹೋದಳು.
ಗೇಟಿನ ಗಂಗಾಧರಪ್ಪ ಕೊನೆಯ ರೀಲಿಗೆ ಬಿಟ್ಟಿ ಬಿಡುತ್ತಿದ್ದ,
ಅವನ ಮೊಣಕಾಲು ಕೂರಿಸಿದ್ದು ಅವಳೇ.
ಮನೆಗೆ ಬಂದು ನನ್ನ ಭುಜಕ್ಕೆ ಬೆರಳಿಟ್ಟು
ಎಲ್ಲಿ ಒತ್ತಬೇಕಿತ್ತು, ಎತ್ತ ಎಳೆಯಬೇಕಿತ್ತು ಎಂದು
ಎಲ್ಲಿಯವನದೋ ಕೈಯನ್ನು ನನ್ನಲ್ಲಿ ಕೂರಿಸುವಳು.
ನೋಯದಿದ್ದರೂ ನಾನು ಅವನ ಪರವಾಗಿ
ಅಯ್ಯೋ ಅನ್ನುತ್ತಿದ್ದೆ.

"ಹೆಸರೇನ್ಲಾ ಅವಂದು? ಓದು."
ಓದಿದೆ. ಪಟ್ಟಿಯ ಕೊನೆಯಲ್ಲಿ 'ಮತ್ತು ಇತರರು'.
ಅಂದಿನಿಂದ ಅವನು ಇತ್ರಯ್ಯ.

ಮೀಸೆಯವನಿಗೆ ಹೊಟ್ಟೆ ಬಂತು. ಇನ್ನೊಬ್ಬ
ತಂದೆಯ ಪಾತ್ರ ಮಾಡತೊಡಗಿದ.
ಇತ್ರಯ್ಯ ಮಾತ್ರ ಎಲ್ಲೋ ಒಂದು ತುದಿಯಲ್ಲಿ,
ಒಮ್ಮೆ ಪೊಲೀಸು, ಒಮ್ಮೆ ದರೋಡೆಕೋರ, ಒಮ್ಮೆ ಬರೀ ಬೆನ್ನು.
ಮಚ್ಚು ಯಾವಾಗಲೂ ಬಲಗೈಲಿ.
ಎಡಗೈ ಎದೆಮಟ್ಟ ಏರಿ ಅಲ್ಲೇ ನಿಲ್ಲುವುದು,
ಕೆಟ್ಟುಹೋದ ರೈಲ್ವೆ ಗೇಟಿನ ಹಾಗೆ.
"ಯಾವ ಮುಂಡೇದು ಕೂರಿಸ್ತೋ! ಇಲ್ಲಿಗ್ ಬರಬಾರ್ದಿತ್ತಾ?
ಬೆಂಗ್ಳೂರಿಂದ ದಿನಾ ರೈಲೈತೆ."

ನಾವು ಒಟ್ಟಿಗೆ ನೋಡಿದ ಕೊನೆಯ ಸಿನಿಮಾದಲ್ಲಿ
ಇತ್ರಯ್ಯ ಬೇಗ ಸತ್ತ.
ನಾಯಕ ರಕ್ತ ಒರೆಸಿಕೊಂಡು ತಾಯಿಯ ಬಗ್ಗೆ
ಉದ್ದದ ಡೈಲಾಗು ಹೇಳುತ್ತಿದ್ದ,
ಶಾಂತರಾಜ ಕುರ್ಚಿ ಹತ್ತಿ ನಿಂತಿದ್ದ,
ಕಾಗದದ ಚೂರು ತಲೆಯ ಮೇಲೆಲ್ಲ.
ಮೂಲೆಯಲ್ಲಿ, ಆ ಹೊಲಿಗೆಯ ಪಕ್ಕದಲ್ಲಿ,
ಹೆಣಗಳ ನಡುವೆ ಒಂದು ಹೆಣ
ಬಲಗೈಯಿಂದ ತನ್ನ ಎಡಗೈಯನ್ನು
ಮೆಲ್ಲಗೆ ಎತ್ತಿ, ಎದೆಯ ಮೇಲಿಟ್ಟುಕೊಂಡಿತು.

"ಹಂಗೆ," ಅಂದಳು ಅತ್ತೆ, ಅವನಿಗೆ ಕೇಳುವಷ್ಟು ಜೋರಾಗಿ.
"ಹಂಗೇ ಮಡಿಕ್ಕೊ ಮಗ. ಅಲ್ಲಾಡಿಸ್ಬೇಡ."